‘ಐ ಫೀಲ್ ಲವ್’ ಅನ್ನೋ ಮೆಷಿನ್ ಹಾಡನ್ನು ಕೈಯಲ್ಲಿ ಮಾಡಿದ್ದು ಹೇಗೆ

ಡೋನಾ ಸಮ್ಮರ್ 1977ರಲ್ಲಿ ಹಾಡಿದ ‘ಐ ಫೀಲ್ ಲವ್’ ಬಗ್ಗೆ ಎಲ್ಲಿ ಓದಿದರೂ ಒಂದು ಮಾತು ಸಿಕ್ಕೇ ಸಿಗುತ್ತದೆ. ಇದು ಪೂರ್ತಿ ಮೆಷಿನ್‌ನಲ್ಲೇ ಮಾಡಿದ ಡಾನ್ಸ್ ಹಾಡು, ಇವತ್ತಿನ ಟೆಕ್ನೋ, ಹೌಸ್, ಟ್ರಾನ್ಸ್ ಥರದ ಕ್ಲಬ್ ಸಂಗೀತ ಎಲ್ಲ ಶುರುವಾಗಿದ್ದು ಇಲ್ಲಿಂದಲೇ ಅಂತ. ಎರಡನೇ ಮಾತನ್ನು ಒಪ್ಪಬಹುದು, ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಪರವಾಗಿಲ್ಲ. ಮೊದಲನೆಯದರ ಬಗ್ಗೆ ನನಗೆ ತಕರಾರಿದೆ. ಹಾಡಿನಲ್ಲಿ ಕೇಳಿಸುವ ಬಹುಪಾಲು ಸದ್ದು ಒಂದು ಸಿಂಥಸೈಜರ್‌ನದು (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ), ನಿಜ. ಆದರೆ ಆ ಸಿಂಥಸೈಜರ್‌ಗೆ ತನ್ನಷ್ಟಕ್ಕೆ ತಾನು ಒಂದು ನಿಮಿಷ ಕೂಡ ಶ್ರುತಿ ತಪ್ಪದೆ ನುಡಿಯೋಕೆ ಆಗುತ್ತಿರಲಿಲ್ಲ. ನಾವು ‘ಮೆಷಿನ್ ಥರ ಕರಾರುವಾಕ್ಕಾಗಿದೆ’ ಅಂತ ಮೆಚ್ಚಿಕೊಳ್ಳುವ ಜಾಗದಲ್ಲೆಲ್ಲ ನಾಲ್ಕೈದು ಜನ ಕೂತು ಮೈಮುರಿದು ಕೆಲಸ ಮಾಡಿದ್ದಾರೆ. ಅದು ಹೇಗೆ ಅಂತ ಬಿಡಿಸಿ ನೋಡೋಣ.

ಮೊದಲು ಜನ ಯಾರು ಅಂತ ತಿಳಿದುಕೊಳ್ಳೋಣ. ಹಾಡು ಹುಟ್ಟಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಆದರೆ ಮಾಡಿದ ಮುಖ್ಯ ಮೂವರಲ್ಲಿ ಒಬ್ಬರೂ ಜರ್ಮನ್ನರಲ್ಲ. ಜಾರ್ಜಿಯೊ ಮೊರೊಡರ್ ಇಟಲಿಯವರು, ಆಲ್ಪ್ಸ್ ಬೆಟ್ಟಗಳ ನಡುವಿನ ದಕ್ಷಿಣ ಟಿರೋಲ್‌ನ ಚಿಕ್ಕ ಊರಿನವರು. ಅವರ ಜೊತೆಗಾರ ಪೀಟ್ ಬೆಲೋಟ್ ಇಂಗ್ಲೆಂಡಿನವರು. ಡೋನಾ ಸಮ್ಮರ್ ಅಮೆರಿಕದ ಬಾಸ್ಟನ್‌ನವರು, ಚರ್ಚ್‌ನಲ್ಲಿ ಹಾಡಿ ಬೆಳೆದವರು. ಒಂದು ಸಂಗೀತ ನಾಟಕದ ಜರ್ಮನ್ ತಂಡದಲ್ಲಿ ಪಾತ್ರ ಸಿಕ್ಕಿತು ಅಂತ 1968ರಲ್ಲಿ ಮ್ಯೂನಿಕ್‌ಗೆ ಬಂದವರು ಅಲ್ಲೇ ಉಳಿದುಬಿಟ್ಟರು. ‘ಸಮ್ಮರ್’ ಅನ್ನೋ ಹೆಸರೂ ಅಲ್ಲಿಯದೇ. ಮೊದಲ ಗಂಡನ ಮನೆತನದ ಹೆಸರು ಝೋಮರ್, ಅದನ್ನೇ ಇಂಗ್ಲಿಷ್ ಮಾಡಿಕೊಂಡರು.

ಈ ಮೂವರು 1975ರಲ್ಲೇ ಒಂದು ದೊಡ್ಡ ಹಿಟ್ ಕೊಟ್ಟಿದ್ದರು, ‘ಲವ್ ಟು ಲವ್ ಯೂ ಬೇಬಿ’. ಅದು ಎಲ್‌ಪಿಯ ಒಂದು ಬದಿಯನ್ನು ಪೂರ್ತಿ ನುಂಗಿದ ಸುಮಾರು 17 ನಿಮಿಷದ ಹಾಡು. ಪೋಲಿ ಹಾಡು ಅಂತಲೇ ಅದಕ್ಕೆ ಹೆಸರು ಬಂತು, ಅಮೆರಿಕದ ಹಿಟ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೂ ಹೋಯಿತು. ಅಂದರೆ 1977ರ ಹೊತ್ತಿಗೆ ಇವರೇನು ಅನಾಮಧೇಯರಲ್ಲ, ಕೈಯಲ್ಲಿ ಸ್ವಲ್ಪ ದುಡ್ಡು, ಸ್ವಲ್ಪ ಧೈರ್ಯ ಎರಡೂ ಇತ್ತು.

ಮುಂದಿನ ಆಲ್ಬಂಗೆ ಬೆಲೋಟ್ ಮತ್ತು ಮೊರೊಡರ್ ಒಂದು ಐಡಿಯಾ ಮಾಡಿದರು. ಒಂದೊಂದು ಹಾಡು ಒಂದೊಂದು ಕಾಲದ ಧಾಟಿಯಲ್ಲಿರಬೇಕು. 40ರ ದಶಕದ ಬ್ಯಾಂಡ್ ಥರ ಒಂದು, 60ರ ಹುಡುಗಿಯರ ತಂಡಗಳ ಥರ ಇನ್ನೊಂದು, ಹೀಗೆ. ಆಲ್ಬಂ ಹೆಸರು ‘ಐ ರಿಮೆಂಬರ್ ಯೆಸ್ಟರ್‌ಡೇ’. ಹಳೆಯದನ್ನೆಲ್ಲ ನೆನಪಿಸಿಕೊಂಡ ಮೇಲೆ ಕೊನೆಗೆ ಮುಂದಿನ ಕಾಲದ ಹಾಡೂ ಒಂದು ಬೇಕಲ್ವಾ? ಮುಂದಿನ ಕಾಲದ ಸದ್ದು ಹೇಗಿರುತ್ತೆ ಅಂತ ಯೋಚಿಸಿದಾಗ ಮೊರೊಡರ್‌ಗೆ ಹೊಳೆದಿದ್ದು ಸಿಂಥಸೈಜರ್. ಅಷ್ಟೇ. ಕ್ರಾಂತಿ ಮಾಡಬೇಕು ಅಂತ ಯಾರೂ ಕೂತಿರಲಿಲ್ಲ, ಆಲ್ಬಂನ ಕೊನೆಯ ಜಾಗ ತುಂಬಬೇಕಿತ್ತು.

ಇದು ಆಗ ಎಷ್ಟು ವಿಚಿತ್ರ ಅನ್ನಿಸಿರಬೇಕು ಅಂತ ತಿಳಿಯಬೇಕಾದರೆ ಆಗಿನ ಡಿಸ್ಕೊ ಹೇಗಿತ್ತು ಅಂತ ಗೊತ್ತಿರಬೇಕು. ಪ್ರತಿ ಎಣಿಕೆಗೂ ಕಿಕ್ ಡ್ರಮ್‌ನ ಒಂದು ಧಪ್. ಅದರ ಮೇಲೆ ಬೇಸ್ ಗಿಟಾರ್, ಅದರ ಮೇಲೆ ಹತ್ತಾರು ಪಿಟೀಲು, ಕಹಳೆ, ಹಿಂದೆ ಕೋರಸ್. ಸ್ಟುಡಿಯೋ ತುಂಬ ಜನ. ನಮ್ಮವರೇ ಒಬ್ಬರು ಇದರಲ್ಲಿ ಪಳಗಿದ್ದರು, ಬೆಂಗಳೂರಿನಲ್ಲಿ ಬೆಳೆದ ಕೊಡವ ಬಿದ್ದು ಅಪ್ಪಯ್ಯ. 60ರ ದಶಕದಲ್ಲಿ ಬೆಂಗಳೂರಿನಲ್ಲಿ ಗಿಟಾರ್ ಹಿಡಿದು ಬೀಟ್ ಬ್ಯಾಂಡ್ ಕಟ್ಟಿ ಆಮೇಲೆ ಇಂಗ್ಲೆಂಡ್‌ಗೆ ಹೋಗಿ, 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಮಾಡಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ ಹೊಡೆದವರು. (ಹಿಂದಿಯ ‘ಆಪ್ ಜೈಸಾ ಕೋಯಿ’ಯೂ ಅವರದ್ದೇ. ಇಷ್ಟಾದರೂ ನಮ್ಮೂರಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ, ಅದು ಬೇರೆ ಬೇಜಾರು.) ಬಿದ್ದು ಅವರ ಆ ಕಾಲದ ಯಾವುದೇ ಡಿಸ್ಕೊ ಹಾಡು ಹಾಕಿ ಕೇಳಿ, ಮೇಲೆ ಹೇಳಿದ ಪಿಟೀಲು, ಕಹಳೆ ಎಲ್ಲ ಸಿಗುತ್ತದೆ. ‘ಐ ಫೀಲ್ ಲವ್’ನಲ್ಲಿ ಅದ್ಯಾವುದೂ ಇಲ್ಲ. ಪಿಟೀಲಿಲ್ಲ, ಗಿಟಾರ್ ಇಲ್ಲ, ಪಿಯಾನೋ ಇಲ್ಲ.

ಇರುವುದು ಮೂಗ್ ಮಾಡ್ಯುಲರ್ ಸಿಂಥಸೈಜರ್. ಅಮೆರಿಕದ ರಾಬರ್ಟ್ ಮೂಗ್ 60ರ ದಶಕದ ಮಧ್ಯದಲ್ಲಿ ಮಾಡಿದ ಯಂತ್ರ. ಕೀಬೋರ್ಡ್ ಅಂದಾಗ ನಮ್ಮ ಕಣ್ಣ ಮುಂದೆ ಬರುವ ವಸ್ತುವಲ್ಲ ಇದು. ಮರದ ಚೌಕಟ್ಟಿನ ದೊಡ್ಡ ಪೆಟ್ಟಿಗೆಗಳು, ಮುಖದ ತುಂಬ ತಿರುಪುಗಳು, ತೂತುಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿದ ವೈರುಗಳು. ಮೊರೊಡರ್ ಬಳಸಿದ್ದು ಅವರ ಸ್ವಂತದ್ದೂ ಅಲ್ಲ. ಎಬರ್‌ಹಾರ್ಡ್ ಶೋನರ್ ಅನ್ನೋ ಮ್ಯೂನಿಕ್‌ನ ಶಾಸ್ತ್ರೀಯ ಸಂಗೀತಗಾರರೊಬ್ಬರದ್ದು. ಅದನ್ನು ನಡೆಸೋಕೆ ಚೆನ್ನಾಗಿ ಬರುತ್ತಿದ್ದದ್ದು ಶೋನರ್ ಅವರ ಸಹಾಯಕ ರಾಬಿ ವೆಡೆಲ್‌ಗೆ. ಈ ಹೆಸರು ನೆನಪಿಟ್ಟುಕೊಳ್ಳಿ, ಹಾಡಿನ ಅರ್ಧ ಗುಟ್ಟು ಇವರ ಹತ್ತಿರ ಇದೆ.

ಮೂಗ್ ಕೆಲಸ ಮಾಡುವುದು ವೋಲ್ಟೇಜ್ ಮೇಲೆ. ಆಸಿಲೇಟರ್ ಅನ್ನೋ ಸರ್ಕ್ಯೂಟ್ ಒಂದು ಸ್ವರ ಹೊರಡಿಸುತ್ತದೆ. ಅದಕ್ಕೆ ಒಂದು ವೋಲ್ಟ್ ಜಾಸ್ತಿ ಕೊಟ್ಟರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ, ಅಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನ. ಹಾಗಾದರೆ ಒಂದು ಸ್ವರಸ್ಥಾನಕ್ಕೂ ಪಕ್ಕದ್ದಕ್ಕೂ ಇರುವ ಅಂತರ ಒಂದು ವೋಲ್ಟಿನ 12ರಲ್ಲಿ ಒಂದು ಪಾಲು, 0.08 ವೋಲ್ಟ್‌ನ ಆಸುಪಾಸು. ಇಷ್ಟು ಸಣ್ಣ ಅಳತೆಯ ಮೇಲೆ ಇಡೀ ಸಂಗೀತ ನಿಂತಿದೆ. ತೊಂದರೆ ಏನಂದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಬಿಸಿಯಾದ ಹಾಗೆಲ್ಲ ಅದೇ ವೋಲ್ಟೇಜ್‌ಗೆ ಬೇರೆ ಸ್ವರ ಹೊರಡಿಸುತ್ತವೆ. ಕಛೇರಿ ಮಧ್ಯದಲ್ಲಿ ಮೃದಂಗದವರು ಕಲ್ಲು ತೆಗೆದು ತಟ್ಟಿ ತಟ್ಟಿ ಶ್ರುತಿ ಸರಿ ಮಾಡಿಕೊಳ್ಳುತ್ತಾರಲ್ಲ, ಅದೇ ಕಥೆ ಇಲ್ಲೂ, ಆದರೆ ಅರ್ಧ ನಿಮಿಷಕ್ಕೊಂದು ಸಲ. ಇಪ್ಪತ್ತು ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡುವುದು, ಶ್ರುತಿ ಜಾರಿತಾ ನೋಡುವುದು, ನಿಲ್ಲಿಸುವುದು, ಸರಿ ಮಾಡುವುದು, ಮತ್ತೆ ಅಲ್ಲಿಂದಲೇ ಮುಂದುವರಿಸುವುದು. ಆರು ನಿಮಿಷದ ಹಾಡು. ಒಂದು ಸ್ವರಸಾಲು ಮಾತ್ರವಲ್ಲ, ಮೇಲೆ ಮೇಲೆ ಹಲವು ಸಾಲು.

ಯಾಕೆ ಹಲವು ಅಂದರೆ ಮೂಗ್‌ನ ಇನ್ನೊಂದು ಮಿತಿ ಅದು. ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ. ಮೂರು ಸ್ವರ ಒಟ್ಟಿಗೆ ಕೇಳಬೇಕು ಅಂದರೆ ಮೂರು ಸಲ ಬೇರೆ ಬೇರೆ ರೆಕಾರ್ಡ್ ಮಾಡಿ ಟೇಪ್‌ನಲ್ಲಿ ಒಂದರ ಮೇಲೊಂದು ಕೂರಿಸಬೇಕು. ಆಗಿನ ಸ್ಟುಡಿಯೋ ಟೇಪ್‌ನಲ್ಲಿ 16 ಟ್ರ್ಯಾಕ್, ಅಂದರೆ ಬೇರೆ ಬೇರೆ ರೆಕಾರ್ಡ್ ಮಾಡಬಹುದಾದ 16 ಪಟ್ಟಿ ಇರುತ್ತಿತ್ತು, ಹಾಗಾಗಿ ಜಾಗಕ್ಕೆ ಕೊರತೆ ಇಲ್ಲ. ನಿಜವಾದ ತಲೆನೋವು ತಾಳದ್ದು. ಎರಡನೇ ಸಲ ರೆಕಾರ್ಡ್ ಮಾಡುವಾಗ ಅದು ಮೊದಲನೆಯದಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂರಬೇಕು. ಕೈಯಲ್ಲಿ ನುಡಿಸಿದರೆ ಇಷ್ಟು ವೇಗದಲ್ಲಿ ಆ ಕರಾರುವಾಕ್ಕುತನ ಆರು ನಿಮಿಷ ಯಾರಿಗೂ ಸಿಗುವುದಿಲ್ಲ.

ಇಲ್ಲಿ ಸೀಕ್ವೆನ್ಸರ್ ಬರುತ್ತದೆ. ಅದೂ ಮೂಗ್‌ನದ್ದೇ ಒಂದು ಭಾಗ. ಸಾಲಾಗಿ ಎಂಟು ತಿರುಪು. ಒಂದೊಂದನ್ನು ತಿರುಗಿಸಿ ಒಂದೊಂದು ವೋಲ್ಟೇಜ್‌ಗೆ ನಿಲ್ಲಿಸಿದರೆ ಎಂಟು ಸ್ವರದ ಒಂದು ಸಾಲು ಸಿದ್ಧ. ಒಳಗಿನ ಗಡಿಯಾರ ಒಂದು ಮಿಡಿತ ಕೊಟ್ಟಾಗಲೆಲ್ಲ ಅದು ಮುಂದಿನ ತಿರುಪಿಗೆ ಹೋಗುತ್ತದೆ, ಎಂಟಾದ ಮೇಲೆ ಮತ್ತೆ ಒಂದಕ್ಕೆ. ನೀವು ಕೀಬೋರ್ಡ್‌ನಲ್ಲಿ ಬೇರೆ ಕೀ ಒತ್ತಿದರೆ ಇಡೀ ಸಾಲು ಹಾಗೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಹಾಡಿನಲ್ಲಿ ಬೇಸ್ (ಕೆಳಗೆ ಓಡುವ ಮಂದ್ರದ ಈ ಸ್ವರಸಾಲು) ಇದ್ದಕ್ಕಿದ್ದ ಹಾಗೆ ಒಂದು ಮೆಟ್ಟಿಲು ಮೇಲೆ ಹತ್ತಿದ ಹಾಗೆ ಕೇಳಿಸುವುದು ಇದರಿಂದಲೇ. ಸ್ವರಸಾಲು ಬದಲಾಗಿಲ್ಲ, ಅದರ ಶ್ರುತಿ ಸ್ಥಾನ ಬದಲಾಗಿದೆ.

ಸೀಕ್ವೆನ್ಸರ್ ಇದ್ದರೂ ಸಮಸ್ಯೆ ಪೂರ್ತಿ ತೀರುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕಲ್ಲ, ಆಗ ಸೀಕ್ವೆನ್ಸರ್‌ನ ಗಡಿಯಾರ ಟೇಪ್‌ನಲ್ಲಿ ಆಗಲೇ ಇರುವುದಕ್ಕೆ ಹೊಂದಿಕೊಳ್ಳುವುದು ಹೇಗೆ? ರಾಬಿ ವೆಡೆಲ್ ಮಾಡಿದ ಉಪಾಯ ಇದು: ಎಲ್ಲಕ್ಕಿಂತ ಮೊದಲು ಟೇಪ್‌ನ 16ನೇ ಟ್ರ್ಯಾಕ್‌ನಲ್ಲಿ ಬರೀ ಒಂದು ಮಿಡಿತವನ್ನು ರೆಕಾರ್ಡ್ ಮಾಡಿಟ್ಟರು. ಟಕ್ ಟಕ್ ಟಕ್, ಹಾಡಿನ ಉದ್ದಕ್ಕೂ. ಆಮೇಲೆ ಸೀಕ್ವೆನ್ಸರ್‌ನ ಸ್ವಂತ ಗಡಿಯಾರ ಬಿಡಿಸಿ, ಟೇಪ್‌ನಿಂದ ಬರುವ ಈ ಮಿಡಿತಕ್ಕೆ ಹೆಜ್ಜೆ ಹಾಕುವ ಹಾಗೆ ಮಾಡಿದರು. ಈಗ ಎಲ್ಲಿ ನಿಲ್ಲಿಸಿದರೂ, ಎಷ್ಟು ಸಲ ಶುರು ಮಾಡಿದರೂ, ಹೊಸದಾಗಿ ಸೇರಿಸುವ ಪ್ರತಿಯೊಂದೂ ಹಳೆಯದರ ಮೇಲೆ ತಾನಾಗಿ ಕೂರುತ್ತದೆ. ಮೂಗ್ ಜೊತೆ ಹೀಗೆ ಮಾಡಬಹುದು ಅನ್ನೋದೇ ತನಗೆ ಗೊತ್ತಿರಲಿಲ್ಲ ಅಂತ ಮೊರೊಡರ್ ಆಮೇಲೆ ಹೇಳಿಕೊಂಡಿದ್ದಾರೆ.

ಇವತ್ತು ಲ್ಯಾಪ್‌ಟಾಪ್‌ನಲ್ಲಿ ಹಾಡು ಮಾಡುವ ಯಾವ ಹುಡುಗನೂ ಇದರ ಬಗ್ಗೆ ಯೋಚನೆ ಮಾಡುವುದಿಲ್ಲ. ಸಾಫ್ಟ್‌ವೇರ್ ತೆಗೆದ ಕೂಡಲೇ ತಾಳದ ಎಣಿಕೆ ಗುರುತು ಮಾಡಿದ ಗ್ರಿಡ್ ಇರುತ್ತದೆ, ಎಲ್ಲ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಿಡ್‌ನ ಕೆಲಸವನ್ನು ವೆಡೆಲ್ ಒಂದು ಟ್ರ್ಯಾಕ್ ಖರ್ಚು ಮಾಡಿ ಟೇಪ್ ಮೇಲೆ ಮಾಡಿಸಿದ್ದರು.

ಬೇಸ್ ಆಯಿತು, ತಾಳ ವಾದ್ಯಕ್ಕೆ ಬರೋಣ. ಇಲ್ಲೂ ಎಲ್ಲ ಮೂಗ್‌ನಿಂದಲೇ ತೆಗೆಯಬೇಕು ಅನ್ನೋದು ಪ್ಲಾನ್. ಹೈ-ಹ್ಯಾಟ್, ಅಂದರೆ ಆ ‘ಚಿಸ್ ಚಿಸ್’ ಸದ್ದು ಸುಲಭವಾಗಿ ಸಿಕ್ಕಿತು. ಮೂಗ್‌ನಲ್ಲಿ ವೈಟ್ ನಾಯ್ಸ್ ಅನ್ನೋ ಒಂದು ಸದ್ದಿದೆ, ಸ್ಟೇಷನ್ ಸಿಗದ ರೇಡಿಯೋದಲ್ಲಿ ಬರುವ ‘ಶ್’ ಅನ್ನೋ ಸದ್ದು ಅದೇ. ಅದನ್ನು ಒಂದು ಕ್ಷಣ ಬಿಟ್ಟು ಥಟ್ಟನೆ ಕತ್ತರಿಸಿದರೆ ಹೈ-ಹ್ಯಾಟ್. ಸ್ವಲ್ಪ ಉದ್ದ ಬಿಟ್ಟು ಫಿಲ್ಟರ್ ತಿರುಗಿಸಿದರೆ ಇನ್ನೊಂದು ಬಗೆ. ಆದರೆ ಕಿಕ್ ಡ್ರಮ್ ಬರಲೇ ಇಲ್ಲ. ಎಷ್ಟು ತಿರುಗಿಸಿದರೂ ಎದೆಗೆ ಗುದ್ದುವ ಆ ಧಪ್ ಮೂಗ್‌ನಲ್ಲಿ ಹುಟ್ಟಲಿಲ್ಲ. ಕೊನೆಗೆ ಡ್ರಮ್ಮರ್ ಕೀತ್ ಫೋರ್ಸಿಯನ್ನು ಕೂರಿಸಿದರು. ಕೀತ್ ಫೋರ್ಸಿ ಕಿಕ್ ಡ್ರಮ್ ಒಂದನ್ನೇ, ಕಾಲಿನಿಂದ, ಹಾಡಿನ ಉದ್ದಕ್ಕೂ ನುಡಿಸಿದರು. ಬೇರೆ ಡ್ರಮ್ ಮುಟ್ಟುವ ಹಾಗಿಲ್ಲ, ಒಂದು ತಿರುವು ಇಲ್ಲ, ಒಂದು ಮುಕ್ತಾಯ ಇಲ್ಲ. ಡ್ರಮ್ಮರ್‌ಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಂತ ಕಾಣುತ್ತದೆ!

ಹಾಗಾಗಿ ಜಗತ್ತಿನ ಅತಿ ಪ್ರಸಿದ್ಧ ಮೆಷಿನ್ ಹಾಡಿನಲ್ಲಿ, ಕ್ಲಬ್‌ನಲ್ಲಿ ಜನರನ್ನು ಕುಣಿಸುವ ಮುಖ್ಯ ಸದ್ದೇ ಒಬ್ಬ ಮನುಷ್ಯನ ಕಾಲಿನದು. ನನಗಂತೂ ಇದು ಗೊತ್ತಾದ ಮೇಲೆ ಹಾಡು ಬೇರೆ ಥರ ಕೇಳಿಸೋಕೆ ಶುರುವಾಯಿತು.

ಇನ್ನೂ ಒಂದು ಕೈಚಳಕ ಇದೆ, ಇದನ್ನು ನೀವೇ ಪರೀಕ್ಷೆ ಮಾಡಬಹುದು. ಇಯರ್‌ಫೋನ್ ಹಾಕಿ ಹಾಡು ಶುರು ಮಾಡಿ. ಬೇಸ್ ದಡದಡ ಓಡುತ್ತಿದೆ ಅನ್ನಿಸುತ್ತದೆ ಅಲ್ವಾ? ಈಗ ಒಂದು ಕಿವಿಯದ್ದನ್ನು ತೆಗೆಯಿರಿ. ಓಟ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಹಾಕಿ ಇನ್ನೊಂದನ್ನು ತೆಗೆಯಿರಿ. ಈಗಲೂ ಅರ್ಧ, ಆದರೆ ಸ್ವರಗಳು ಎಣಿಕೆಯ ಮೇಲೆ ಬೀಳದೆ ಮಧ್ಯದಲ್ಲಿ ಬೀಳುತ್ತಿವೆ. ನಡೆದಿದ್ದು ಇಷ್ಟು: ಸೀಕ್ವೆನ್ಸರ್ ನುಡಿಸಿದ್ದು ಒಂದು ಎಣಿಕೆಗೆ ಎರಡೇ ಸ್ವರ. ಅದನ್ನು ಒಂದು ಬದಿಗೆ ಹಾಕಿದರು. ಅದೇ ಸದ್ದನ್ನು ಡಿಲೇ ಅನ್ನೋ ಸಾಧನದ ಮೂಲಕ ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ ತಡ ಮಾಡಿ ಇನ್ನೊಂದು ಬದಿಗೆ ಹಾಕಿದರು. ಎರಡು ಸ್ವರದ ಮಧ್ಯದ ಖಾಲಿ ಜಾಗಕ್ಕೆ ಪ್ರತಿಧ್ವನಿ ಬಂದು ಬೀಳುತ್ತದೆ, ಕಿವಿಗೆ ನಾಲ್ಕು ಸ್ವರ ಕೇಳುತ್ತದೆ. ನಾವು ಕೇಳುವ ವೇಗ ಯಾರೂ ನುಡಿಸಿದ್ದಲ್ಲ, ಮೆಷಿನ್ ಕೂಡ ನುಡಿಸಿಲ್ಲ. ಕ್ಲಬ್‌ನಲ್ಲಿ ಇದರಿಂದ ಮಜಾ ಆಗುತ್ತದೆ. ಎಡ ಸ್ಪೀಕರ್ ಹತ್ತಿರ ಕುಣಿಯುವವರಿಗೂ ಬಲ ಸ್ಪೀಕರ್ ಹತ್ತಿರ ಕುಣಿಯುವವರಿಗೂ ಬೇಸ್ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ.

ಇಷ್ಟೆಲ್ಲ ನಡೆದದ್ದು ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ. ಒಂದು ದೊಡ್ಡ ಹೋಟೆಲ್ ಕಟ್ಟಡದ ನೆಲಮಾಳಿಗೆ. ರೋಲಿಂಗ್ ಸ್ಟೋನ್ಸ್, ಲೆಡ್ ಜೆಪ್ಲಿನ್ ಥರದವರೂ ರೆಕಾರ್ಡ್ ಮಾಡಿದ ಜಾಗ. ಸೌಂಡ್ ಎಂಜಿನಿಯರ್ ಯೂರ್ಗನ್ ಕಾಪರ್ಸ್.

ಸರಿ, ಹಾಡುವವರು ಎಲ್ಲಿ? ಸಾಮಾನ್ಯವಾಗಿ ಮೊದಲು ಹಾಡು ಬರುತ್ತದೆ, ಆಮೇಲೆ ವಾದ್ಯ. ಇಲ್ಲಿ ಉಲ್ಟಾ. ವಾದ್ಯದ ಟ್ರ್ಯಾಕ್ ಮೊದಲು ಸಿದ್ಧವಾಯಿತು, ಧಾಟಿ ಮತ್ತು ಮಾತು ಆಮೇಲೆ. ಸಾಹಿತ್ಯ ಬರೆದ ರಾತ್ರಿಯ ಬಗ್ಗೆ ಬೆಲೋಟ್ ಹೇಳುವ ಕಥೆ ತಮಾಷೆಯಾಗಿದೆ. ಇಬ್ಬರೂ ಕೂತು ಬರೆಯೋಣ ಅಂತ ಸಮ್ಮರ್ ಮನೆಗೆ ಹೋದರೆ ಅವರು ಫೋನ್‌ನಲ್ಲಿದ್ದಾರೆ. ಆ ಕಡೆ ಇದ್ದದ್ದು ಅವರ ಜ್ಯೋತಿಷಿ! ಹೊಸದಾಗಿ ಭೇಟಿಯಾದ ಸಂಗೀತಗಾರ ಬ್ರೂಸ್ ಸುಡಾನೊ ತನಗೆ ಸರಿಹೋಗುತ್ತಾರಾ ಅಂತ ಜಾತಕ ಕೇಳುತ್ತಿದ್ದಾರೆ. ಗಂಟೆಗಟ್ಟಲೆ ಮಾತು. ಅವರು ಫೋನ್ ಇಟ್ಟು ಬರುವ ಹೊತ್ತಿಗೆ ಬೆಲೋಟ್ ಸಾಹಿತ್ಯ ಬಹುತೇಕ ಮುಗಿಸಿದ್ದರಂತೆ. (ಜ್ಯೋತಿಷಿ ಏನು ಹೇಳಿದರೋ, 1980ರಲ್ಲಿ ಸಮ್ಮರ್ ಸುಡಾನೊ ಅವರನ್ನೇ ಮದುವೆಯಾದರು.) ಮುಗಿಸೋಕೆ ಜಾಸ್ತಿ ಇರಲೂ ಇಲ್ಲ, ಹಾಡಿನಲ್ಲಿ ಮಾತು ಬೆರಳೆಣಿಕೆಯಷ್ಟು. ಒಂದೊಂದು ಚಿಕ್ಕ ಪದಗುಚ್ಛವನ್ನು ಹಲವು ಸಲ ಹೇಳುವುದು, ಅಷ್ಟೇ.

ಆ ಕಡಿಮೆ ಮಾತನ್ನು ಹಾಡಿದ ರೀತಿಯೇ ಮುಖ್ಯ. ಸಮ್ಮರ್‌ದು ಚರ್ಚ್ ಗಾಯನದಲ್ಲಿ ಪಳಗಿದ ದೊಡ್ಡ ದನಿ, ಬೇಕಾದರೆ ಛಾವಣಿ ಹಾರಿಸಬಲ್ಲದು. ಇಲ್ಲಿ ಅದನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಎದೆಯ ದನಿ ಬಿಟ್ಟು ತಲೆಯ ದನಿಯಲ್ಲಿ, ತುಂಬ ಮೇಲೆ, ತೆಳ್ಳಗೆ, ಸ್ವರಗಳನ್ನು ಎಳೆದೆಳೆದು ತೇಲಿಬಿಡುತ್ತಾರೆ. ಕೆಳಗೆ ಬೇಸ್ ಸೆಕೆಂಡಿಗೆ ಎಂಟು ಸಲ ಬಡಿಯುತ್ತಿದ್ದರೆ ಮೇಲೆ ಅವರು ಒಂದು ಅಕ್ಷರಕ್ಕೆ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತಾರೆ. ಕೆಳಗಿನ ಆತುರಕ್ಕೂ ಮೇಲಿನ ನಿಧಾನಕ್ಕೂ ಸಂಬಂಧವೇ ಇಲ್ಲದ ಹಾಗೆ ಇರುವುದೇ ಹಾಡಿನ ಪೂರ್ತಿ ಸೊಗಸು. ಯಾರಾದರೂ ಜೋರಾಗಿ, ಭಾವ ತುಂಬಿ, ಬೇಸ್‌ಗೆ ಪೈಪೋಟಿ ಕೊಟ್ಟು ಹಾಡಿದ್ದರೆ ಕೆಟ್ಟುಹೋಗುತ್ತಿತ್ತು. ಇದನ್ನು ಹೇಳಲೇಬೇಕು, ಯಾಕಂದರೆ ಈ ಹಾಡಿನ ಹೊಗಳಿಕೆಯೆಲ್ಲ ಮೊರೊಡರ್ ಪಾಲಿಗೆ ಹೋಗುತ್ತದೆ, ಸಮ್ಮರ್ ಸುಮ್ನೆ ಬಂದು ಹಾಡಿ ಹೋದವರ ಹಾಗೆ ಬರೆಯುತ್ತಾರೆ. ಸಾಹಿತ್ಯ, ಸಂಗೀತದಲ್ಲಿ ಅವರ ಹೆಸರೂ ಇದೆ.

ಮಾಡಿದವರಿಗೇ ಇದರ ಬೆಲೆ ಗೊತ್ತಿರಲಿಲ್ಲ ಅನ್ನೋದು ಇನ್ನೊಂದು ತಮಾಷೆ. ಆಲ್ಬಂನ ಕೊನೆಯ ಹಾಡು, ಒಂದು ಪ್ರಯೋಗ, ಮುಗೀತು ಅಂದುಕೊಂಡಿದ್ದರು. ಅಮೆರಿಕದಲ್ಲಿ ಕ್ಯಾಸಬ್ಲಾಂಕಾ ಕಂಪನಿ ಮೊದಲು ಇದನ್ನು ಸಿಂಗಲ್‌ನ (ಬದಿಗೊಂದು ಹಾಡಿನ ರೆಕಾರ್ಡ್) ಬಿ ಬದಿಗೆ, ಅಂದರೆ ಹಿಂಬದಿಗೆ ಹಾಕಿತ್ತು. ಎ ಬದಿಯಲ್ಲಿ ಒಂದು ನಿಧಾನದ ಹಾಡು. ಕ್ಲಬ್‌ಗಳಲ್ಲಿ ಎಲ್ಲರೂ ಪ್ಲೇಟ್ ತಿರುಗಿಸಿ ಹಾಕಲು ಶುರು ಮಾಡಿದ ಮೇಲೆ ಕಂಪನಿಯೂ ತಿರುಗಿಸಿತು. ಬ್ರಿಟನ್‌ನಲ್ಲಿ 1977ರ ಜುಲೈನಲ್ಲಿ ಮೊದಲ ಸ್ಥಾನಕ್ಕೆ ಹೋಗಿ ನಾಲ್ಕು ವಾರ ಅಲ್ಲೇ ಕೂತಿತು. ಅಮೆರಿಕದಲ್ಲಿ ಆರನೇ ಸ್ಥಾನದವರೆಗೆ.

ಆ ಬೇಸಿಗೆಯಲ್ಲಿ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಬರ್ಲಿನ್‌ನಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದರು, ಜೊತೆಗೆ ಸಂಗೀತಗಾರ ಬ್ರಯನ್ ಈನೊ. ಒಂದು ದಿನ ಈನೊ ಈ ರೆಕಾರ್ಡ್ ಹಿಡಿದು ಓಡಿ ಬಂದು, ಮುಂದಿನ ಕಾಲದ ಸದ್ದು ಸಿಕ್ಕಿತು, ಇನ್ನು ಹದಿನೈದು ವರ್ಷ ಕ್ಲಬ್ ಸಂಗೀತವನ್ನು ಇದೇ ಆಳುತ್ತದೆ ಅಂದರಂತೆ. ಬೋವಿ ವರ್ಷಗಳ ನಂತರ ನೆನಪಿಸಿಕೊಂಡು ಹೇಳಿದ್ದು ಇದು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಚೆನ್ನಾಗಿಯೂ ಇದೆ. ಆದರೆ ಹಾಡು ಬದುಕಿದ್ದು ಈನೊ ಸರ್ಟಿಫಿಕೇಟ್‌ನಿಂದ ಅಂತ ಅನ್ನಿಸಿಬಿಡುವ ಅಪಾಯ ಇದೆ. ಬದುಕಿದ್ದು ಗೇ ಕ್ಲಬ್‌ಗಳಲ್ಲಿ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್‌ನಲ್ಲಿ ರಾತ್ರಿಯಿಡೀ ಕುಣಿದವರ ಮಧ್ಯೆ.

ಅದಕ್ಕೆ ಸಾಕ್ಷಿ ಪ್ಯಾಟ್ರಿಕ್ ಕೌಲಿ. ಸ್ಯಾನ್ ಫ್ರಾನ್ಸಿಸ್ಕೊದ ಒಂದು ಕ್ಲಬ್‌ನಲ್ಲಿ ಲೈಟ್ ನೋಡಿಕೊಳ್ಳುತ್ತಿದ್ದ, ಸಿಂಥಸೈಜರ್ ಹುಚ್ಚಿದ್ದ ಹುಡುಗ. 1978ರಲ್ಲಿ ಈ ಹಾಡನ್ನು ಹದಿನೈದು ನಿಮಿಷಕ್ಕೂ ಉದ್ದ ಮಾಡಿದರು. ಕಂಪನಿಯ ಒಪ್ಪಿಗೆ ಇಲ್ಲ, ಬಿಡಿಬಿಡಿ ಟ್ರ್ಯಾಕ್‌ಗಳೂ ಇಲ್ಲ, ಕೈಯಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ರೆಕಾರ್ಡ್ ಮಾತ್ರ. ಅದರಲ್ಲಿ ಬರೀ ಬೇಸ್ ಇರುವ ತುಣುಕುಗಳನ್ನು ಟೇಪ್‌ಗೆ ತೆಗೆದು, ಕತ್ತರಿಸಿ, ಅಂಟಿಸಿ, ಉದ್ದ ಎಳೆದು, ಮೇಲೆ ತಮ್ಮ ಸಿಂಥಸೈಜರ್ ನುಡಿಸಿದರು. ಹಲವು ವರ್ಷ ಅದು ಡಿಜೆಗಳ ಕೈಯಿಂದ ಕೈಗೆ ಓಡಾಡಿತು. ಬ್ರಿಟನ್‌ನಲ್ಲಿ ಅಧಿಕೃತವಾಗಿ ಬಂದದ್ದು 1982ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಕೌಲಿ ಏಡ್ಸ್‌ನಿಂದ ತೀರಿಕೊಂಡರು, ಆ ಕಾಯಿಲೆ ಏನು ಅಂತಲೇ ಜನಕ್ಕೆ ಸರಿಯಾಗಿ ಗೊತ್ತಿಲ್ಲದ ಕಾಲ. ಹಾಡಿನ ಕೇಳುಗರ ದೊಡ್ಡ ಪಾಲು ಆ ದಶಕದಲ್ಲಿ ಹೀಗೇ ಹೋಯಿತು.

ಇನ್ನು ಬೈದವರು. ಡಿಸ್ಕೊ ಬಗ್ಗೆ ರಾಕ್ ಅಭಿಮಾನಿಗಳ ದೂರು ಮೊದಲಿಂದಲೂ ಒಂದೇ: ಇದರಲ್ಲಿ ಜೀವ ಇಲ್ಲ, ಬರೀ ಯಂತ್ರ. ‘ಐ ಫೀಲ್ ಲವ್’ ಬಂದ ಮೇಲೆ ಆ ದೂರಿಗೆ ಕೈಗೆ ಸಿಗುವ ಉದಾಹರಣೆ ಸಿಕ್ಕಿತು. ಆದರೆ ಸಿಟ್ಟಿನ ಮೂಲ ಬರೀ ಯಂತ್ರವಲ್ಲ. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಒಂದು ಡಿಸ್ಕೊ ರೆಕಾರ್ಡ್ ತಂದರೆ 98 ಸೆಂಟ್‌ಗೆ ಟಿಕೆಟ್. ಎರಡು ಪಂದ್ಯಗಳ ನಡುವೆ ರೇಡಿಯೋ ನಿರೂಪಕ ಸ್ಟೀವ್ ಡಾಲ್ ಆ ರೆಕಾರ್ಡ್‌ಗಳ ರಾಶಿಗೆ ಸಿಡಿಮದ್ದು ಇಟ್ಟು ಹಾರಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ಆಡಲಾಗದೆ ಎದುರಾಳಿ ತಂಡಕ್ಕೆ ಬಿಟ್ಟುಕೊಡಬೇಕಾಯಿತು. ಆವತ್ತು ಅಲ್ಲಿ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ ವಿನ್ಸ್ ಲಾರೆನ್ಸ್ ಅನ್ನೋ ಕಪ್ಪು ಹುಡುಗ ಗಮನಿಸಿದ್ದು ಬೇರೆ. ಜನ ತಂದ ರಾಶಿಯಲ್ಲಿ ಡಿಸ್ಕೊ ಅಲ್ಲದ ರೆಕಾರ್ಡ್‌ಗಳೂ ಬೇಕಾದಷ್ಟಿದ್ದವು, ಹಾಡಿದವರು ಕಪ್ಪು ಜನ ಅನ್ನೋದೊಂದೇ ಅವುಗಳ ನಡುವಿನ ಸಮಾನ ಅಂಶ. ಡಿಸ್ಕೊ ಕೇಳುತ್ತಿದ್ದವರು, ಮಾಡುತ್ತಿದ್ದವರು ಯಾರು ಅಂತ ನೋಡಿದರೆ, ಕಪ್ಪು ಜನ, ಲ್ಯಾಟಿನೋ ಜನ, ಗೇ ಜನ, ಸಿಟ್ಟು ಯಾರ ಮೇಲೆ ಅಂತ ಹೇಳೋಕೆ ಜಾಸ್ತಿ ಬುದ್ಧಿ ಬೇಕಿಲ್ಲ.

ಅದೇ ಶಿಕಾಗೋದಲ್ಲಿ, ಐದಾರು ವರ್ಷದಲ್ಲಿ, ವೇರ್‌ಹೌಸ್ ಅನ್ನೋ ಕ್ಲಬ್ ಹೆಸರಿನಿಂದ ‘ಹೌಸ್’ ಅನ್ನೋ ಸಂಗೀತ ಬಂತು. ಅದರ ಮೊದಲ ರೆಕಾರ್ಡ್‌ಗಳನ್ನು ಮಾಡಿದವರಲ್ಲಿ ಇದೇ ವಿನ್ಸ್ ಲಾರೆನ್ಸ್ ಒಬ್ಬರು. ಹೊತ್ತಿಗೆ ಸರಿಯಾಗಿ ಕೈಗೆಟುಕುವ ಬೆಲೆಯ ಡ್ರಮ್ ಮೆಷಿನ್, ಚಿಕ್ಕ ಸಿಂಥಸೈಜರ್‌ಗಳು ಬಂದಿದ್ದವು, ವೆಡೆಲ್ 16ನೇ ಟ್ರ್ಯಾಕ್‌ನಲ್ಲಿ ಕಷ್ಟಪಟ್ಟು ಮಾಡಿದ್ದನ್ನು ಈಗ ಒಂದು ವೈರ್ ಮಾಡುತ್ತಿತ್ತು.

ಈ ಚಿಕ್ಕ ಯಂತ್ರಗಳು ಮುಂಬೈಗೂ ಬಂದವು. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ 1982ರಲ್ಲಿ ಡಿಸ್ಕೊ ತಾಳಕ್ಕೆ ಹತ್ತು ರಾಗ ನುಡಿಸಿ ಒಂದು ಎಲ್‌ಪಿ ಮಾಡಿದರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರ, ಒಬ್ಬರೇ ಮನುಷ್ಯ. ಕೆಳಗೆ ಬೇಸ್ ಒಂದೇ ಶ್ರುತಿಗೆ ಅಂಟಿಕೊಂಡು ಓಡುತ್ತದೆ, ಮೇಲೆ ರಾಗ. ರಾಗ ಸಂಗೀತಕ್ಕೆ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಬೇಡ, ಆಧಾರ ಶ್ರುತಿ ಸಾಕು, ಸೀಕ್ವೆನ್ಸರ್‌ಗೂ ಅದೇ ಅನುಕೂಲ. ಹಾಗಾಗಿ ಎರಡೂ ಸಲೀಸಾಗಿ ಕೂಡಿಕೊಂಡವು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯೂರೋಪಿನ ಡಿಜೆಗಳು ಇದು ನಿಜವಾಗಿಯೂ 1982ರದ್ದೇ ಅಂತ ನಂಬೋಕೇ ತಯಾರಿರಲಿಲ್ಲ.

ಮೊರೊಡರ್ ಅದೇ ಓಡುವ ಬೇಸ್ ಇಟ್ಟುಕೊಂಡು ‘ಮಿಡ್‌ನೈಟ್ ಎಕ್ಸ್‌ಪ್ರೆಸ್’ ಸಿನಿಮಾಕ್ಕೆ ಸಂಗೀತ ಮಾಡಿ 1979ರಲ್ಲಿ ಆಸ್ಕರ್ ತೆಗೆದುಕೊಂಡರು. ಕಿಕ್ ಡ್ರಮ್‌ನ ಕೀತ್ ಫೋರ್ಸಿಗೂ ಕೆಲವು ವರ್ಷದ ನಂತರ ‘ಫ್ಲಾಶ್‌ಡಾನ್ಸ್’ ಹಾಡಿಗೆ ಆಸ್ಕರ್ ಪಾಲು ಸಿಕ್ಕಿತು. ಡೋನಾ ಸಮ್ಮರ್ 2012ರ ಮೇ 17ರಂದು ತೀರಿಕೊಂಡರು. ಒಂದು ವಾರದೊಳಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶದ ಮುಖ್ಯ ಧ್ವನಿಮುದ್ರಣಗಳ ಪಟ್ಟಿಗೆ ಈ ಹಾಡನ್ನು ಸೇರಿಸಿದ ಸುದ್ದಿ ಬಂತು.

ಕೇಳುವುದಾದರೆ ಮೂರೂ ಮುಕ್ಕಾಲು ನಿಮಿಷದ ಸಿಂಗಲ್ ಬೇಡ, ಅದು ರೇಡಿಯೋಗೆ ಕತ್ತರಿಸಿದ್ದು, ಹಾಡಿಗೆ ಬಿಸಿ ಹತ್ತುವ ಮೊದಲೇ ಮುಗಿದುಹೋಗುತ್ತದೆ. ಎಂಟು ನಿಮಿಷದ 12 ಇಂಚಿನ ಆವೃತ್ತಿ ಹುಡುಕಿ. ಸಮ್ಮರ್ ಹಾಡು ನಿಲ್ಲಿಸಿ ಬರೀ ವಾದ್ಯ ಉಳಿಯುವ ಜಾಗದಲ್ಲಿ ಫೋರ್ಸಿಯ ಕಾಲಿನ ಕಡೆ ಗಮನ ಕೊಡಿ. ಕೌಲಿಯದ್ದು ಆಮೇಲೆ, ಹದಿನೈದು ನಿಮಿಷ ಬಿಡುವಿದ್ದಾಗ, ಅಕ್ಕಪಕ್ಕದ ಮನೆಯವರು ಊರಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.